ತೋಟದ ಫೋಟೋ ಬೇಸ್64 ಮಾಡಿ ಇಟ್ಟರೆ ಕೆಳಗಿನ ಅರ್ಧ ಬೂದು ಬಣ್ಣ ಬರ್ತಿದೆ, ಯಾಕೆ?

ಸುಂಟಿಕೊಪ್ಪ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಸಣ್ಣ ಬೆಳೆಗಾರರೆಲ್ಲ ಸೇರಿ ಒಂದು ವೆಬ್‌ಸೈಟ್ ಇಟ್ಟುಕೊಂಡಿದ್ದೇವೆ. ಕಾಫಿ ಗಿಡಕ್ಕೆ ಏನಾದರೂ ಬಂದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಅದಕ್ಕೆ ಹಾಕುತ್ತಾರೆ. ಅನುಭವ ಇರುವವರು ನೋಡಿ ಇದು ಎಲೆ ತುಕ್ಕು, ಇದು ಕಾಂಡಕೊರಕ ಅಂತ ಹೇಳುತ್ತಾರೆ. ಸೈಟ್ ನೋಡಿಕೊಳ್ಳುವ ಕೆಲಸ ನನ್ನದು.

ಸೈಟ್ ಬರೆದಿರುವುದು ಪಿಎಚ್‌ಪಿಯಲ್ಲಿ, ಡೇಟಾಬೇಸ್ ಮೈಎಸ್‌ಕ್ಯೂಎಲ್, ಇರುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿ. ಮೊದಲು ಸೈಟ್ ಮಾಡಿಕೊಟ್ಟವರು ಫೋಟೋವನ್ನು ಫೈಲ್ ಆಗಿ ಇಟ್ಟಿಲ್ಲ. ಸರ್ವರ್‌ನಲ್ಲಿ ಬೇಸ್64 ಅಕ್ಷರಗಳಾಗಿ ಬದಲಾಯಿಸಿ ಡೇಟಾಬೇಸ್‌ಗೆ ಹಾಕುವ ಹಾಗೆ ಮಾಡಿದ್ದಾರೆ. ಪುಟ ತೆರೆದಾಗ ಅದೇ ಅಕ್ಷರಗಳು ಇಮೇಜ್ ಟ್ಯಾಗ್ ಒಳಗೆ ಬಂದು ಕೂರುತ್ತವೆ.

ಈಗ ತೊಂದರೆ ಎರಡು ತರ ಇದೆ. ಕೆಲವು ಫೋಟೋಗಳ ಮೇಲಿನ ಭಾಗ ಚೆನ್ನಾಗಿ ಬರುತ್ತದೆ, ಕೆಳಗೆ ಪೂರ್ತಿ ಬೂದು. ಕ್ಯಾಮೆರಾದಿಂದ ನೇರ ಹಾಕಿದ ದೊಡ್ಡ ಫೋಟೋ ಆದರೆ ಮೇಲೆ ಒಂದು ಸಣ್ಣ ಪಟ್ಟಿ ಮಾತ್ರ ಕಾಣುತ್ತದೆ. ಎರಡನೆಯದು, ಮೊಬೈಲ್‌ಗೆ ಅಂತ ಆಮೇಲೆ ಸೇರಿಸಿದ ಪುಟ. ಅಲ್ಲಿಂದ ಬಂದ ಫೋಟೋ ಸರ್ವರ್‌ನಲ್ಲಿ ಫೈಲ್ ಆಗಿಯೇ ಉಳಿಯುತ್ತದೆ, ಸೈಜ್ ಕೂಡ ಸರಿ ಇರುತ್ತದೆ, ಆದರೆ ತೆರೆಯುವುದೇ ಇಲ್ಲ.

ಕಕ್ಕಡ ತಿಂಗಳ ಮಳೆ ಹಿಡಿದಿದೆ. ಕೊಳೆರೋಗದ ಫೋಟೋ ಬರುವ ಕಾಲ ಇದು. ಕೊಳೆತ ಎಲೆ ನೂಲಿನಂಥ ಎಳೆಯಲ್ಲಿ ನೇತಾಡುವುದು ಕಂಡರೆ ತಾನೇ ಗುರುತು ಹಿಡಿಯಲು ಆಗುವುದು? ಆ ಭಾಗವೇ ಬೂದು ಆಗಿ ಹೋದರೆ ನೋಡುವವರು ಏನು ಹೇಳಬೇಕು? ದಯವಿಟ್ಟು ಸಹಾಯ ಮಾಡಿ.

ಗೋಣಿಕೊಪ್ಪ ಕೋಡರ್:
ಫೋಟೋ ಇಡುವ ಕಾಲಂ ಯಾವ ಬಗೆಯದು, ನೋಡಿ ಹೇಳ್ತೀರಾ? ಟೆಕ್ಸ್ಟ್ ಅಂತ ಇದೆಯಾ? ಹಾಗೇ ಹಾಳಾದ ಸಾಲುಗಳಲ್ಲಿ ಅಕ್ಷರಗಳ ಉದ್ದ ಎಷ್ಟಿದೆ ಅಂತಲೂ ನೋಡಿ.

ಸುಂಟಿಕೊಪ್ಪ ತೋಟ:
ಹೌದು, ಟೆಕ್ಸ್ಟ್. ಉದ್ದ ನೋಡಿದೆ. ಬೂದು ಬಂದ ಪ್ರತಿಯೊಂದು ಸಾಲಿನಲ್ಲೂ 65,535. ಒಂದೂ ಹೆಚ್ಚುಕಮ್ಮಿ ಇಲ್ಲ.

ಗೋಣಿಕೊಪ್ಪ ಕೋಡರ್:
ಹಾಗಾದರೆ ಮೊದಲನೆಯದಕ್ಕೆ ಕಾರಣ ಸಿಕ್ಕಿತು. ಮೈಎಸ್‌ಕ್ಯೂಎಲ್‌ನಲ್ಲಿ ಟೆಕ್ಸ್ಟ್ ಕಾಲಂ ಹಿಡಿಯುವುದೇ ಗರಿಷ್ಠ 65,535 ಬೈಟ್. ಮೂರು ಬೈಟ್ ಚಿತ್ರಕ್ಕೆ ನಾಲ್ಕು ಅಕ್ಷರ ಬೇಕಾಗುವುದರಿಂದ, ಅಷ್ಟರಲ್ಲಿ ಉಳಿಯುವುದು ಚಿತ್ರದ ಸುಮಾರು 49,000 ಬೈಟ್ ಮಾತ್ರ, ಅಂದರೆ 48 ಕೆಬಿ. ನಿಮ್ಮ ಫೋಟೋ 100 ಕೆಬಿ ಇದ್ದರೆ ಹತ್ತಿರ ಹತ್ತಿರ ಅರ್ಧ ಕಾಣುತ್ತದೆ. 3 ಎಂಬಿ ಇದ್ದರೆ ಮೇಲಿನ ಪಟ್ಟಿ ಅಷ್ಟೇ. ಮಾಮೂಲಿ ಜೆಪಿಜಿ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬಿಡಿಸಿಕೊಳ್ಳುತ್ತದೆ. ಡೇಟಾ ಮುಗಿದ ಜಾಗದಿಂದ ಕೆಳಗೆ ಬ್ರೌಸರ್ ಬೂದು ತುಂಬುತ್ತದೆ.

ಎರರ್ ಬರದೆ ಸದ್ದಿಲ್ಲದೆ ತುಂಡಾಗಿದೆ ಅಂದರೆ ನಿಮ್ಮ ಡೇಟಾಬೇಸ್‌ನಲ್ಲಿ ಸ್ಟ್ರಿಕ್ಟ್ ಮೋಡ್ (ಹಿಡಿಯದಷ್ಟು ಡೇಟಾ ಬಂದರೆ ತುಂಡು ಮಾಡದೆ ಎರರ್ ಕೊಡುವ ಸೆಟ್ಟಿಂಗ್) ಆಫ್ ಇದೆ. 2015ರಲ್ಲಿ ಬಂದ 5.7 ಆವೃತ್ತಿಯಿಂದ ಅದು ತಾನಾಗೇ ಆನ್ ಇರುತ್ತದೆ. ಕೆಲವು ಹೋಸ್ಟಿಂಗ್‌ಗಳಲ್ಲಿ ಹಳೆ ಸೈಟ್‌ಗಳು ಕೆಡಬಾರದು ಅಂತ ಆಫ್ ಮಾಡಿಟ್ಟಿರುತ್ತಾರೆ. ಮೊದಲು ಅದನ್ನು ಆನ್ ಮಾಡಿ. ಬೆಳೆಗಾರ ಮಳೆಯಲ್ಲಿ ನೆನೆದು ತೆಗೆದ ಫೋಟೋ ಹೇಳದೆ ಕೇಳದೆ ತುಂಡಾಗುವುದಕ್ಕಿಂತ, 'ಸೇವ್ ಆಗಲಿಲ್ಲ' ಅಂತ ಪರದೆ ಮೇಲೆ ಬರುವುದು ಎಷ್ಟೋ ಮೇಲು.

ಶನಿವಾರಸಂತೆ ಹುಡುಗ:
ಅಣ್ಣ, ಮಧ್ಯ ಬಾಯಿ ಹಾಕ್ತಿದ್ದೇನೆ. ನಾನು ಇನ್ನೂ ಡಿಪ್ಲೊಮಾ ಓದ್ತಿದ್ದೇನೆ. ಮೂರು ಬೈಟ್‌ಗೆ ನಾಲ್ಕು ಅಕ್ಷರ ಅಂದ್ರಲ್ಲ, ಅದು ಹೇಗೆ? ಲೈಬ್ರರಿ ಕರೆದು ಬಿಡ್ತೇವೆ, ಒಳಗೆ ಏನಾಗುತ್ತೆ ಅಂತ ಯಾರೂ ಹೇಳಿಕೊಟ್ಟಿಲ್ಲ.

ಗೋಣಿಕೊಪ್ಪ ಕೋಡರ್:
ಒಳ್ಳೆ ಪ್ರಶ್ನೆ ತಮ್ಮ. ಪೆನ್ನು, ಕಾಗದ ತಗೋ. ನಿಜವಾದ ಜೆಪಿಜಿಯ ಮೊದಲ ಮೂರು ಬೈಟ್‌ಗಳನ್ನೇ ತಗೊಂಡು ಮಾಡೋಣ.

ಯಾವ ಜೆಪಿಜಿ ಫೈಲ್ ಆದರೂ ಶುರುವಾಗುವುದು ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ (ಇದು ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಬೈಟ್ ಬರೆಯುವ ರೀತಿ). ಬಿಟ್‌ಗಳಲ್ಲಿ ಬರೆದರೆ:

11111111 11011000 11111111

ಒಟ್ಟು 24 ಬಿಟ್. ಇದನ್ನು ಎಂಟೆಂಟು ಬಿಟ್ಟು ಆರಾರಾಗಿ ಕತ್ತರಿಸು:

111111 111101 100011 111111

ಈಗ ನಾಲ್ಕು ತುಂಡಾಯಿತು. ಅವುಗಳ ಬೆಲೆ 63, 61, 35, 63. ಆರು ಬಿಟ್‌ನಲ್ಲಿ 0 ಇಂದ 63 ತನಕ, ಅಂದರೆ 64 ಬೆಲೆ ಬರಬಹುದು. ಹೆಸರಿನಲ್ಲಿರುವ 64 ಅದೇ. ಪ್ರತಿ ಬೆಲೆಗೂ ಒಂದು ಅಕ್ಷರ ಗೊತ್ತುಮಾಡಿದ್ದಾರೆ. 0 ಇಂದ 25 ಇಂಗ್ಲಿಷ್ ದೊಡ್ಡ ಅಕ್ಷರ, 26 ಇಂದ 51 ಸಣ್ಣ ಅಕ್ಷರ, 52 ಇಂದ 61 ಅಂಕಿಗಳು, 62 ಪ್ಲಸ್, 63 ಸ್ಲ್ಯಾಶ್. ಹಾಗಾಗಿ ನಮ್ಮ ನಾಲ್ಕು ತುಂಡು ಏನಾಯಿತು? ಸ್ಲ್ಯಾಶ್, 9, ಸಣ್ಣ ಜೆ, ಸ್ಲ್ಯಾಶ್. ನಿನ್ನ ಹತ್ತಿರ ಇರುವ ಯಾವ ಜೆಪಿಜಿಯನ್ನಾದರೂ ಬೇಸ್64 ಮಾಡಿ ನೋಡು, ಮೊದಲ ನಾಲ್ಕು ಅಕ್ಷರ ಇವೇ ಬರುತ್ತವೆ. ಪಿಎನ್‌ಜಿ ಆದರೆ ಸಣ್ಣ ಐ, ಆಮೇಲೆ ದೊಡ್ಡ ವಿ, ಬಿ, ಓ, ಆರ್ ಅಂತ ಶುರುವಾಗುತ್ತದೆ. ಸ್ವಲ್ಪ ದಿನ ಈ ಕೆಲಸ ಮಾಡಿದವರು ಅಕ್ಷರ ನೋಡಿಯೇ ಇದು ಯಾವ ಫೈಲ್ ಅಂತ ಹೇಳಿಬಿಡುತ್ತಾರೆ.

ಫೈಲ್ ಮೂರರ ಲೆಕ್ಕಕ್ಕೆ ಸರಿಯಾಗಿ ಮುಗಿಯದಿದ್ದರೆ ಕೊನೆಗೆ ಒಂದು ಅಥವಾ ಎರಡು 'ಸಮ' ಚಿಹ್ನೆ ಹಾಕಿ ನಾಲ್ಕು ತುಂಬಿಸುತ್ತಾರೆ. ಅಷ್ಟೇ ವಿಷಯ.

ಇದೆಲ್ಲ ಯಾಕೆ ಬೇಕಾಯಿತು ಅಂದರೆ, ಮೊದಲು ಇಮೇಲ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ ಮಾತ್ರ ದಾಟುತ್ತಿತ್ತು. ಚಿತ್ರದ ಕಚ್ಚಾ ಬೈಟ್ ಕಳಿಸಿದರೆ ದಾರಿಯಲ್ಲಿ ಯಾವುದೋ ಯಂತ್ರ ಎಂಟನೇ ಬಿಟ್ ಕಿತ್ತುಹಾಕುತ್ತಿತ್ತು. ಎಲ್ಲ ಕಡೆಯೂ ಸುರಕ್ಷಿತವಾಗಿ ದಾಟುವ 64 ಅಕ್ಷರ ಆರಿಸಿಕೊಂಡು ಇದನ್ನು ಕಟ್ಟಿದರು. 1996ರ ಮೈಮ್ ಎಂಬ ಇಮೇಲ್ ನಿಯಮಗಳಲ್ಲಿ ಇದು ಇದೆ. ವೆಬ್ ಪುಟದೊಳಗೇ ಚಿತ್ರ ಕೂರಿಸುವ ಡೇಟಾ ಯುಆರ್‌ಎಲ್ ನಿಯಮ 1998ರದ್ದು. ಈಗ ಎಲ್ಲರೂ ನೋಡುವ ಬೇಸ್64 ನಿಯಮ, ಆರ್‌ಎಫ್‌ಸಿ 4648, 2006ರದ್ದು.

ಶನಿವಾರಸಂತೆ ಹುಡುಗ:
ಮಾಡಿ ನೋಡಿದೆ ಅಣ್ಣ, ನಮ್ಮ ನಾಯಿಯ ಫೋಟೋ. ಸ್ಲ್ಯಾಶ್ 9 ಜೆ ಸ್ಲ್ಯಾಶ್ ಬಂತು! ತುಂಬಾ ಥ್ಯಾಂಕ್ಸ್.

ಕುಶಾಲನಗರ ನೆಟ್:
ಟೆಕ್ಸ್ಟ್ ಬದಲು ಲಾಂಗ್‌ಟೆಕ್ಸ್ಟ್ ಮಾಡಿದರೆ ಆಯ್ತಲ್ಲ? 4 ಜಿಬಿ ತನಕ ಹಿಡಿಯುತ್ತದೆ. ಒಂದೇ ಸಾಲಿನ ಕೆಲಸ. ಬ್ಯಾಕಪ್ ಕೂಡ ಸುಲಭ, ಡೇಟಾಬೇಸ್ ಒಂದನ್ನೇ ತೆಗೆದಿಟ್ಟರೆ ಫೋಟೋಗಳೂ ಅದರಲ್ಲೇ ಬಂದವು.

ಮಡಿಕೇರಿ ಬೆಟ್ಟ:
ಬ್ಯಾಕಪ್ ವಿಷಯದಲ್ಲಿ ನಿಮ್ಮ ಮಾತು ಸರಿ ಸರ್. ಆದರೂ ನಾನು ಹಾಗೆ ಮಾಡಬೇಡಿ ಅಂತಲೇ ಹೇಳುತ್ತೇನೆ. 3 ಎಂಬಿ ಫೋಟೋ 4 ಎಂಬಿ ಅಕ್ಷರ ಆಗುತ್ತದೆ. ಪಿಎಚ್‌ಪಿ ಓದುವಾಗ ಫೈಲ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ, ಆಮೇಲೆ ಜೇಸನ್ (ಡೇಟಾವನ್ನು ಅಕ್ಷರದಲ್ಲಿ ಬರೆದು ಕಳಿಸುವ ರೂಪ) ಮಾಡಿದರೆ ಮತ್ತೊಂದು ಪ್ರತಿ. ಒಂದೇ ಫೋಟೋಗೆ 11 ಎಂಬಿ ಮೆಮೊರಿ ಹೋಯಿತು. ಜೊತೆಗೆ ಪಿಎಚ್‌ಪಿಯ ಜೇಸನ್_ಎನ್‌ಕೋಡ್ ಪ್ರತಿ ಸ್ಲ್ಯಾಶ್ ಮುಂದೆಯೂ ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತದೆ. ಬೇಸ್64ರಲ್ಲಿ ಸ್ಲ್ಯಾಶ್‌ಗೆ ಬರವೇ ಇಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ನೋಡುವವರ ಕಷ್ಟ. ಚಿತ್ರ ಫೈಲ್ ಆಗಿದ್ದರೆ ಬ್ರೌಸರ್ ಒಮ್ಮೆ ಇಳಿಸಿಕೊಂಡು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಪುಟದೊಳಗೆ ಅಕ್ಷರವಾಗಿ ಸೇರಿಸಿದರೆ ಪುಟ ತೆರೆದಾಗಲೆಲ್ಲ ಅಷ್ಟನ್ನೂ ಮತ್ತೆ ಇಳಿಸಬೇಕು. ಮೇಲಿನ ನಾಲ್ಕು ಸಾಲು ಮಾತು ಓದಬೇಕು ಅಂದರೂ ಕೆಳಗಿನ ಫೋಟೋಗಳ ಅಕ್ಷರವೆಲ್ಲ ಅದೇ ಪುಟದ ಜೊತೆ ಬರುತ್ತಿರುತ್ತದೆ. ಭಾಗಮಂಡಲ ಕಡೆ ಮಳೆಗಾಲದಲ್ಲಿ ಟವರ್‌ಗೆ ಕರೆಂಟ್ ಇಲ್ಲದೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕೂತವರನ್ನು ನೆನೆಸಿಕೊಳ್ಳಿ. ಈ ಸೈಟ್ ಇರುವುದೇ ಅವರಿಗೋಸ್ಕರ ಅಲ್ವಾ?

ಕುಶಾಲನಗರ ನೆಟ್:
ಪುಟವನ್ನು ಹಿಂಡಿ ಕಳಿಸುವ ಜಿಜಿಪ್ ಆನ್ ಇದ್ದರೆ ಆ ಹೆಚ್ಚಿನ ಮೂರನೇ ಒಂದು ಭಾಗ ಹೆಚ್ಚುಕಮ್ಮಿ ವಾಪಸ್ ಬರುತ್ತದೆ. ಪರೀಕ್ಷೆ ಮಾಡಿ ನೋಡಿದ್ದೇನೆ.

ಮಡಿಕೇರಿ ಬೆಟ್ಟ:
ಅದು ನಿಜ. 64 ಅಕ್ಷರವೇ ಇರುವುದರಿಂದ ಜಿಜಿಪ್ ಅದನ್ನು ಹಿಂಡಿ ಮೊದಲಿನ ಸೈಜ್ ಹತ್ತಿರಕ್ಕೆ ತರುತ್ತದೆ. ಆದರೆ ಕ್ಯಾಶ್ ಸಮಸ್ಯೆ ಹಾಗೇ ಉಳಿಯುತ್ತದೆ, ಸರ್ವರ್‌ಗೆ ಹಿಂಡುವ ಕೆಲಸ ಜಾಸ್ತಿ. ಹಿಂದೆ ಒಂದೊಂದು ಚಿತ್ರಕ್ಕೂ ಒಂದೊಂದು ರಿಕ್ವೆಸ್ಟ್ ದುಬಾರಿ ಅಂತ ಎಲ್ಲವನ್ನೂ ಪುಟದೊಳಗೆ ತುರುಕುತ್ತಿದ್ದರು. 2015ರಲ್ಲಿ ಎಚ್‌ಟಿಟಿಪಿ/2 ಬಂದ ಮೇಲೆ ಒಂದೇ ಕನೆಕ್ಷನ್‌ನಲ್ಲಿ ಹತ್ತಾರು ಚಿತ್ರ ಒಟ್ಟಿಗೆ ಬರುತ್ತವೆ. ಫೋಟೋ ಫೈಲ್ ಆಗಿ ಡಿಸ್ಕ್‌ನಲ್ಲಿರಲಿ, ಡೇಟಾಬೇಸ್‌ನಲ್ಲಿ ಅದರ ಹೆಸರು ಮಾತ್ರ ಇರಲಿ. ಬ್ಯಾಕಪ್‌ಗೆ ಆ ಫೋಲ್ಡರ್ ಅನ್ನೂ ಸೇರಿಸಿ.

ಸುಂಟಿಕೊಪ್ಪ ತೋಟ:
ಸರಿ, ಫೈಲ್ ದಾರಿಗೆ ಬರುತ್ತೇನೆ. ಎರಡನೇ ತೊಂದರೆ ಬಗ್ಗೆ ಯಾರಾದರೂ ಹೇಳಿ. ಮೊಬೈಲ್ ಪುಟದಲ್ಲಿ ಬ್ರೌಸರ್‌ನ ಫೈಲ್‌ರೀಡರ್ ಬಳಸಿ ಫೋಟೋವನ್ನು ಅಲ್ಲೇ ಬೇಸ್64 ಮಾಡಿ ಕಳಿಸುತ್ತದೆ. ಸರ್ವರ್ ಅದನ್ನು ಬೇಸ್64_ಡಿಕೋಡ್ ಮಾಡಿ ಫೈಲ್ ಬರೆಯುತ್ತದೆ. ಜೆಪಿಜಿಯೂ ತೆರೆಯಲ್ಲ, ಪಿಎನ್‌ಜಿಯೂ ತೆರೆಯಲ್ಲ.

ಗೋಣಿಕೊಪ್ಪ ಕೋಡರ್:
ಹಾಳಾದ ಒಂದು ಫೈಲ್ ಅನ್ನು ಹೆಕ್ಸ್ ಎಡಿಟರ್‌ನಲ್ಲಿ (ಕಚ್ಚಾ ಬೈಟ್ ತೋರಿಸುವ ತಂತ್ರಾಂಶ) ತೆರೆಯಿರಿ. ಮೊದಲ ಮೂರು ಬೈಟ್ 75, ಎಬಿ, 5ಎ ಇದೆಯಾ?

ಸುಂಟಿಕೊಪ್ಪ ತೋಟ:
ಇದೆ! ನಿಮಗೆ ಹೇಗೆ ಗೊತ್ತಾಯಿತು?

ಗೋಣಿಕೊಪ್ಪ ಕೋಡರ್:
ಇಂಗ್ಲಿಷ್‌ನ 'ಡೇಟಾ' ಎಂಬ ನಾಲ್ಕು ಅಕ್ಷರವನ್ನು ಬೇಸ್64 ಅಂತ ತಿಳಿದು ಬಿಡಿಸಿದರೆ ಬರುವುದು ಅವೇ ಮೂರು ಬೈಟ್. ಫೈಲ್‌ರೀಡರ್ ಬರೀ ಚಿತ್ರದ ಅಕ್ಷರ ಕೊಡುವುದಿಲ್ಲ. ಅದರ ಮುಂದೆ ಒಂದು ತುಣುಕು ಸೇರಿಸಿ ಕೊಡುತ್ತದೆ: ಡೇಟಾ, ಕೋಲನ್, ಇಮೇಜ್, ಸ್ಲ್ಯಾಶ್, ಜೆಪಿಇಜಿ, ಸೆಮಿಕೋಲನ್, ಬೇಸ್64, ಕಾಮಾ. ಕಾಮಾ ತನಕ ಕತ್ತರಿಸಿ ಬಿಟ್ಟು ಉಳಿದಿದ್ದನ್ನು ಮಾತ್ರ ಬಿಡಿಸಬೇಕು. ನಿಮ್ಮ ಕೋಡ್ ಪೂರ್ತಿ ಬಿಡಿಸುತ್ತಿದೆ. ಪಿಎಚ್‌ಪಿ ಯಾಕೆ ತಕರಾರು ಮಾಡಲಿಲ್ಲ ಅಂದರೆ, ಬೇಸ್64_ಡಿಕೋಡ್‌ಗೆ ಎರಡನೇ ಮಾತಾಗಿ 'ಟ್ರೂ' ಕೊಡದಿದ್ದರೆ ಅದು ಗೊತ್ತಿಲ್ಲದ ಚಿಹ್ನೆಗಳನ್ನು ಸುಮ್ನೆ ಹಾರಿಸಿ ಮುಂದೆ ಹೋಗುತ್ತದೆ. ಕೋಲನ್, ಸೆಮಿಕೋಲನ್, ಕಾಮಾ ಹಾರಿತು. ಉಳಿದ ಅಕ್ಷರಗಳನ್ನು ಚಿತ್ರ ಅಂತಲೇ ತಿಳಿಯಿತು.

ಈಗ ಒಳ್ಳೆ ಸುದ್ದಿ ಕೇಳಿ. ಜೆಪಿಜಿ ಆದರೆ ಹೀಗೆ ಸೇರಿದ್ದು ಸರಿಯಾಗಿ 20 ಅಕ್ಷರ: ಡೇಟಾ 4, ಇಮೇಜ್ 5, ಸ್ಲ್ಯಾಶ್ 1, ಜೆಪಿಇಜಿ 4, ಬೇಸ್64 ಎಂಬುದು 6. ಇಪ್ಪತ್ತು ನಾಲ್ಕರಿಂದ ಭಾಗವಾಗುತ್ತದೆ. ಅಂದರೆ 15 ಬೈಟ್ ಕಸ ಮುಂದೆ ಕೂತಿದೆ, ಅದರ ಹಿಂದೆ ನಿಮ್ಮ ಚಿತ್ರ ಒಂದು ಬಿಟ್ ಕೂಡ ಕೆಡದೆ ಪೂರ್ತಿ ಇದೆ. ಹದಿನಾರನೇ ಬೈಟ್‌ನಿಂದ ನೋಡಿ, ಎಫ್‌ಎಫ್ ಡಿ8 ಎಫ್‌ಎಫ್ ಕಾಣಬೇಕು. ಮೊದಲ 15 ಬೈಟ್ ಕಿತ್ತು ಹಾಕಿ ಸೇವ್ ಮಾಡಿದರೆ ಫೋಟೋ ತೆರೆಯುತ್ತದೆ.

ಪಿಎನ್‌ಜಿಗೆ ಒಂದು ಅಕ್ಷರ ಕಮ್ಮಿ, 19. ನಾಲ್ಕರ ಲೆಕ್ಕ ತಪ್ಪಿದ್ದರಿಂದ ಒಳಗಿನ ಬಿಟ್‌ಗಳೆಲ್ಲ ಜಾರಿವೆ. ಅದಕ್ಕೂ ದಾರಿ ಇದೆ. ಹಾಳಾದ ಫೈಲ್ ಅನ್ನು ವಾಪಸ್ ಬೇಸ್64 ಮಾಡಿ, ಮುಂದಿನ 19 ಅಕ್ಷರ ತೆಗೆದು, ಮತ್ತೆ ಬಿಡಿಸಿ. ಕೊನೆಯ ಬೈಟ್ ಹತ್ತಿರ ಏನಾದರೂ ವ್ಯತ್ಯಾಸ ಆಗಬಹುದು, ಚಿತ್ರ ಕಾಣುತ್ತದೆ.

ಸುಂಟಿಕೊಪ್ಪ ತೋಟ:
ಹದಿನಾರನೇ ಬೈಟ್‌ನಲ್ಲಿ ಎಫ್‌ಎಫ್ ಡಿ8 ಎಫ್‌ಎಫ್ ಇದೆ ಸರ್! ಒಂದು ಫೈಲ್ ಸರಿ ಮಾಡಿ ನೋಡಿದೆ, ಕಾಂಡದ ಮೇಲಿನ ಉಬ್ಬು ಗೆರೆ ಕೂಡ ಸ್ಪಷ್ಟ ಕಾಣ್ತಿದೆ. ಆ ಗಿಡದವರು ಅರೇಬಿಕಾ ಕಿತ್ತುಹಾಕಬೇಕಾ ಬೇಡವಾ ಅಂತ ಕಾಯುತ್ತಿದ್ದರು. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬೂದು ಬಂದ ಹಳೆ ಫೋಟೋಗಳನ್ನೂ ಹೀಗೆ ಉಳಿಸಬಹುದಾ?

ಗೋಣಿಕೊಪ್ಪ ಕೋಡರ್:
ಅವು ಆಗುವುದಿಲ್ಲ. ತುಂಡಾದ ಭಾಗ ಎಲ್ಲೂ ಉಳಿದಿಲ್ಲ. ಹಾಕಿದವರಿಗೆ ಫೋನ್ ಮಾಡಿ, ಅವರ ಗ್ಯಾಲರಿಯಲ್ಲಿ ಇದ್ದರೆ ಮತ್ತೆ ಹಾಕಲು ಹೇಳಿ.

ಇನ್ನೊಂದು ಮಾತು. ಬೇಸ್64 ಅನ್ನು ಮಾಮೂಲಿ ಫಾರ್ಮ್ ಡೇಟಾ ಆಗಿ ಕಳಿಸುವವರು ಪ್ಲಸ್ ಚಿಹ್ನೆ ಮೇಲೆ ಕಣ್ಣಿಡಬೇಕು. ಫಾರ್ಮ್ ನಿಯಮದಲ್ಲಿ ಪ್ಲಸ್ ಅಂದರೆ ಖಾಲಿ ಜಾಗ. ಎಸ್ಕೇಪ್ ಮಾಡದೆ ಕಳಿಸಿದರೆ ಸರ್ವರ್‌ಗೆ ಬರುವಾಗ ಪ್ಲಸ್ ಎಲ್ಲ ಮಾಯ. ಯುಆರ್‌ಎಲ್‌ನಲ್ಲಿ ಕಳಿಸುವುದಕ್ಕೆ ಅಂತಲೇ ಪ್ಲಸ್ ಬದಲು ಹೈಫನ್, ಸ್ಲ್ಯಾಶ್ ಬದಲು ಅಂಡರ್‌ಸ್ಕೋರ್ ಬಳಸುವ ಇನ್ನೊಂದು ಬಗೆ ಇದೆ.

ನಿಜ ಹೇಳಬೇಕು ಅಂದರೆ ಮೊಬೈಲ್ ಪುಟಕ್ಕೂ ಬೇಸ್64 ಬೇಡ. ಫಾರ್ಮ್‌ಡೇಟಾದಲ್ಲಿ ಫೈಲ್ ಅನ್ನೇ ಮಲ್ಟಿಪಾರ್ಟ್ ಆಗಿ ಕಳಿಸಿ. ಪಿಎಚ್‌ಪಿಯಲ್ಲಿ ಪೋಸ್ಟ್_ಮ್ಯಾಕ್ಸ್_ಸೈಜ್ ಮೊದಲಿಂದ ಇರುವುದು 8 ಎಂಬಿ. ಬೇಸ್64 ಮಾಡಿದರೆ 6 ಎಂಬಿ ದಾಟಿದ ಫೋಟೋ ಅದನ್ನು ಮೀರುತ್ತದೆ. ಆಗ ಪೋಸ್ಟ್ ಪೂರ್ತಿ ಖಾಲಿ ಬರುತ್ತದೆ, ಫೋಟೋ ಜೊತೆ ಬರೆದ ಮಾತೂ ಹೋಗುತ್ತದೆ. ನೇರ ಫೈಲ್ ಆದರೆ ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ ನೋಡಿಕೊಳ್ಳಿ, ಅದು ಬರೀ 2 ಎಂಬಿ ಇರುತ್ತದೆ. ಹೆಚ್ಚಿಸಬೇಕು.

ನಾಪೋಕ್ಲು ಹೋಂಸ್ಟೇ:
ನಾನು ಕೋಡ್ ಬರೆಯುವವಳಲ್ಲ, ನಮ್ಮ ಹೋಂಸ್ಟೇ ಸೈಟ್‌ನಲ್ಲೂ ಇದೇ ತರ ಇದೆ. ಗೆಸ್ಟ್‌ಗಳ ಆಧಾರ್ ಫೋಟೋ ತಗೊಳ್ತೇವೆ. ಸೈಟ್ ಮಾಡಿದವರು ಅದನ್ನು ಬೇಸ್64ಗೆ ಬದಲಾಯಿಸಿ ಇಟ್ಟಿದ್ದೇವೆ, ಯಾರಿಗೂ ಓದಲು ಆಗಲ್ಲ, ಸೇಫ್ ಅಂದಿದ್ದರು. ಅದು ಸರಿ ತಾನೇ?

ಮಡಿಕೇರಿ ಬೆಟ್ಟ:
ಅಕ್ಕ, ದಯವಿಟ್ಟು ಅದನ್ನು ನಂಬಬೇಡಿ. ಬೇಸ್64ಗೆ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಮೇಲೆ ಶನಿವಾರಸಂತೆ ಹುಡುಗ ಪೆನ್ನು ಕಾಗದದಲ್ಲಿ ಮಾಡಿದ್ದನ್ನೇ ಹಿಂದುಮುಂದಾಗಿ ಮಾಡಿದರೆ ಚಿತ್ರ ವಾಪಸ್ ಬರುತ್ತದೆ. ಯಾರ ಕೈಗೆ ಆ ಡೇಟಾಬೇಸ್ ಸಿಕ್ಕರೂ ಕ್ಷಣದಲ್ಲಿ ಎಲ್ಲ ಆಧಾರ್ ಕಾರ್ಡ್ ಅವರ ಮುಂದೆ. ನಂಬಿ ಕೊಟ್ಟವರ ಕಾಗದ ಅದು. ಆದಷ್ಟು ಬೇಗ ಸೈಟ್ ಮಾಡಿದವರಿಗೆ ಹೇಳಿ ನಿಜವಾದ ಎನ್‌ಕ್ರಿಪ್ಷನ್ ಹಾಕಿಸಿ. ಇಡಲೇಬೇಕಾದ ಅವಧಿ ಮುಗಿದ ಮೇಲೆ ಅಳಿಸಿಬಿಡಿ.

ತೋಟದ ಫೋಟೋಗೂ ಇದು ಸೇರುತ್ತದೆ. ಮೊಬೈಲ್ ಫೋಟೋದ ಎಕ್ಸಿಫ್ ಭಾಗದಲ್ಲಿ (ಚಿತ್ರದ ಜೊತೆ ಕ್ಯಾಮೆರಾ ಬರೆದಿಡುವ ಮಾಹಿತಿ) ಜಿಪಿಎಸ್ ಇರಬಹುದು. ಬೇಸ್64 ಮಾಡಿದರೂ ಅದು ಹಾಗೇ ಒಳಗೆ ಉಳಿಯುತ್ತದೆ. ಯಾರ ತೋಟದಲ್ಲಿ ಎಲ್ಲಿ ಮೆಣಸಿನ ಬಳ್ಳಿ ಇದೆ, ಎಲ್ಲಿ ಒಣಹಾಕುವ ಕಣ ಇದೆ ಅಂತ ಊರಿಗೆಲ್ಲ ತೋರಿಸಬೇಕಾ? ಸರ್ವರ್‌ನಲ್ಲಿ ಪಿಎಚ್‌ಪಿಯ ಚಿತ್ರ ಲೈಬ್ರರಿ ಜಿಡಿಯಿಂದ ತೆರೆದು ಹೊಸದಾಗಿ ಜೆಪಿಜಿ ಬರೆದರೆ ಎಕ್ಸಿಫ್ ಹೋಗುತ್ತದೆ. ಚಿತ್ರದ ವೇಷದಲ್ಲಿ ಬಂದ ಬೇರೆ ಫೈಲ್‌ಗಳೂ ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ ಫೋಟೋ ಯಾವ ಕಡೆ ತಿರುಗಿದೆ ಎಂಬ ಮಾಹಿತಿಯೂ ಎಕ್ಸಿಫ್‌ನಲ್ಲೇ ಇರುತ್ತದೆ. ಅದನ್ನು ಮೊದಲೇ ಓದಿಕೊಂಡು ತಿರುಗಿಸಿ ಬರೆಯಿರಿ, ಇಲ್ಲದಿದ್ದರೆ ಗಿಡಗಳೆಲ್ಲ ಅಡ್ಡ ಮಲಗುತ್ತವೆ. ಮೆಮೊರಿ ಮೇಲೂ ಗಮನ ಇರಲಿ. 4000 ಅಡ್ಡ, 3000 ಉದ್ದದ ಫೋಟೋ ಡಿಸ್ಕ್‌ನಲ್ಲಿ 3 ಎಂಬಿ ಇದ್ದರೂ, ಜಿಡಿ ತೆರೆದಾಗ ಒಂದು ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ ಸುಮಾರು 48 ಎಂಬಿ ತಿನ್ನುತ್ತದೆ. ಪಿಎಚ್‌ಪಿಗೆ ಮೊದಲಿಂದ ಇರುವ ಮಿತಿ 128 ಎಂಬಿ.

ನಾಪೋಕ್ಲು ಹೋಂಸ್ಟೇ:
ಇವತ್ತೇ ಮಾತಾಡುತ್ತೇನೆ. ಹೇಳಿದ್ದಕ್ಕೆ ತುಂಬಾ ಉಪಕಾರ ಆಯ್ತು.

ಶನಿವಾರಸಂತೆ ಹುಡುಗ:
ಹಾಗಾದರೆ ಬೇಸ್64 ಎಲ್ಲೂ ಬಳಸಬಾರದಾ ಅಣ್ಣ?

ಗೋಣಿಕೊಪ್ಪ ಕೋಡರ್:
ಬಳಸಬೇಕು ತಮ್ಮ, ಅದು ಬೇಕಾದ ಕಡೆ. ಜೇಸನ್‌ನಲ್ಲಿ ಕಚ್ಚಾ ಬೈಟ್ ಇಡಲು ಆಗುವುದಿಲ್ಲ. ಬೇರೆಯವರ ಎಪಿಐ ಜೇಸನ್‌ನಲ್ಲೇ ಚಿತ್ರ ಕೇಳಿದರೆ ಬೇಸ್64 ಬೇಕೇ ಬೇಕು. ಒಂದೆರಡು ಕೆಬಿಯ ಸಣ್ಣ ಐಕಾನ್ ಸಿಎಸ್‌ಎಸ್ ಒಳಗೆ ಇಟ್ಟರೆ ತೊಂದರೆ ಇಲ್ಲ. ಇಮೇಲ್‌ನಲ್ಲಿ ಮಾತ್ರ ಡೇಟಾ ಯುಆರ್‌ಎಲ್ ಹಾಕಬೇಡ, ಜಿಮೇಲ್ ತೋರಿಸುವುದಿಲ್ಲ. ಚಿತ್ರವನ್ನು ಅಟ್ಯಾಚ್ ಮಾಡಿ ಅದರ ಸಿಐಡಿ (ಅಟ್ಯಾಚ್‌ಮೆಂಟ್‌ನ ಗುರುತು) ಮೂಲಕ ಕರೆಯಬೇಕು.

ಸುಂಟಿಕೊಪ್ಪ ಸರ್, ನಿಮ್ಮ ಕೆಲಸಕ್ಕೆ ಬೇಸ್64 ನಿಜವಾಗಿ ಒದಗುವ ಜಾಗ ಒಂದಿದೆ. ರೋಗ ಗುರುತಿಸುವ ಒಂದು ಪುಟ ಮಾಡಿ. ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಇದ್ದರೆ ತುಕ್ಕು, ಎಲೆ ಎಳೆಯಲ್ಲಿ ನೇತಾಡಿದರೆ ಕೊಳೆರೋಗ, ಕಾಂಡದ ಮೇಲೆ ಉಬ್ಬು ಗೆರೆ ಇದ್ದರೆ ಕೊರಕ. ಒಂದೊಂದಕ್ಕೂ ಒಂದು ಒಳ್ಳೆ ಫೋಟೋ. ಚಿತ್ರಗಳನ್ನೆಲ್ಲ ಬೇಸ್64 ಮಾಡಿ ಅದೇ ಎಚ್‌ಟಿಎಂಎಲ್ ಫೈಲ್ ಒಳಗೆ ಕೂರಿಸಿ. 60 ಕೆಬಿಯ 12 ಫೋಟೋ ಹಾಕಿದರೂ ಫೈಲ್ 1 ಎಂಬಿ ಒಳಗೇ ಇರುತ್ತದೆ. ನೆಟ್ ಇದ್ದಾಗ ಒಮ್ಮೆ ಇಳಿಸಿಕೊಂಡರೆ ಸಾಕು. ಆಮೇಲೆ ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ತೆರೆಯುತ್ತದೆ. ಪಕ್ಕದ ತೋಟದವರಿಗೆ ಬ್ಲೂಟೂತ್‌ನಲ್ಲೂ ಕಳಿಸಬಹುದು.

ಕುಶಾಲನಗರ ನೆಟ್:
ಇದು ಚೆನ್ನಾಗಿದೆ. ಫೋಟೋಗಳನ್ನು 1000 ಪಿಕ್ಸೆಲ್‌ಗೆ ಇಳಿಸಿ ಕೊಡುವ ಕೆಲಸ ನಾನು ಮಾಡುತ್ತೇನೆ. ನನ್ನ ಹತ್ತಿರ ಸ್ಕ್ರಿಪ್ಟ್ ಇದೆ.

ಸುಂಟಿಕೊಪ್ಪ ತೋಟ:
ಖಂಡಿತ ಮಾಡೋಣ. ಸದ್ಯಕ್ಕೆ ಆಗಿರುವ ಕೆಲಸ ಹೇಳಿಬಿಡುತ್ತೇನೆ. ಸ್ಟ್ರಿಕ್ಟ್ ಮೋಡ್ ಆನ್ ಆಯಿತು. ಹೊಸ ಫೋಟೋಗಳು ಫೈಲ್ ಆಗಿ ಹೋಗುತ್ತಿವೆ. ಮೊಬೈಲ್ ಪುಟದ ಹಳೆ ಜೆಪಿಜಿಗಳಲ್ಲಿ 15 ಬೈಟ್ ಕಿತ್ತಿದ್ದೇನೆ, ಎಲ್ಲವೂ ತೆರೆದವು. ಬೂದು ಬಂದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ರೋಗದ ಪುಟಕ್ಕೆ ಲಿನಕ್ಸ್‌ನ ಬೇಸ್64 ಕಮಾಂಡ್ ಬಳಸಿದೆ, ಅಕ್ಷರಗಳು ಸಾಲು ಸಾಲಾಗಿ ಒಡೆದು ಬರುತ್ತಿವೆ. ಅದು ಹಾಗೇ ಇದ್ದರೆ ನಡೆಯುತ್ತದಾ?

ಗೋಣಿಕೊಪ್ಪ ಕೋಡರ್:
ಆ ಕಮಾಂಡ್ ಪ್ರತಿ 76 ಅಕ್ಷರಕ್ಕೆ ಸಾಲು ಮುರಿಯುತ್ತದೆ, ಇಮೇಲ್ ಕಾಲದ ಅಭ್ಯಾಸ. ಇಮೇಜ್ ಟ್ಯಾಗ್‌ನಲ್ಲಿ ಬ್ರೌಸರ್ ಸಹಿಸಿಕೊಳ್ಳುತ್ತದೆ. ಸಿಎಸ್‌ಎಸ್ ಅಥವಾ ಜಾವಾಸ್ಕ್ರಿಪ್ಟ್ ಒಳಗೆ ಇಟ್ಟರೆ ಮುರಿದು ಹೋಗುತ್ತದೆ. ಹೈಫನ್ ಡಬ್ಲ್ಯೂ, ಆಮೇಲೆ ಸೊನ್ನೆ ಕೊಡಿ, ಒಂದೇ ಸಾಲಿನಲ್ಲಿ ಬರುತ್ತದೆ. ಪುಟ ಆದ ಮೇಲೆ ಇಲ್ಲಿ ಹಾಕಿ, ನನ್ನ ಹಳೆ ಫೋನ್‌ನಲ್ಲಿ ನೆಟ್ ಆಫ್ ಮಾಡಿ ತೆರೆದು ನೋಡಿ ಹೇಳುತ್ತೇನೆ.